ಓದುಗರ ಪ್ರಶ್ನೆ: ಹಾಡಿಗೊಂದು, ಆಟಕ್ಕೊಂದು ಹೆಡ್‌ಫೋನ್ ಬೇಕೇ?

ಹೆಡ್‌ಫೋನ್ ಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಕಂಪನಿಯದು ಒಳ್ಳೆಯದು?’ ಎಂಬ ಒಂದು ಸಾಲಿನವು. ಕೇಳುವವರ ಕೋಣೆ ಎಂಥದು, ಕೇಳುವುದು ಏನನ್ನು ಎಂಬುದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ತಮ್ಮ ಅಗತ್ಯವನ್ನು ವಿವರವಾಗಿ ಬರೆದವರ ಪ್ರಶ್ನೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಹೆಚ್ಚಾಗಿ ಕರ್ನಾಟಕ ಸಂಗೀತ ಕೇಳುವವನು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡುತ್ತೇನೆ. ಕಾಲೇಜಿಗೆ ಹೋಗುವ ಮಗ ಅದೇ ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುತ್ತಾನೆ. ಇಬ್ಬರಿಗೂ ಸೇರಿ ಒಂದು ಒಳ್ಳೆಯ ಹೆಡ್‌ಫೋನ್ ತರೋಣವೆಂದರೆ ಅವನು ‘ಗೇಮಿಂಗ್ ಹೆಡ್‌ಸೆಟ್ಟೇ ಬೇಕು’ ಎಂದು ಹಟ ಹಿಡಿದಿದ್ದಾನೆ. ಹನ್ನೆರಡು ಸಾವಿರ ರೂಪಾಯಿವರೆಗೆ ಕೊಡಬಲ್ಲೆ. ತಾವೇನು ಹೇಳುತ್ತೀರಿ?
(ಶಿವಮೊಗ್ಗದ ಓದುಗರು)

ಉತ್ತರ: ಇಬ್ಬರಿಗೂ ಒಂದೇ ಹೆಡ್‌ಫೋನ್ ಸಾಕು. ಅದರ ಪೆಟ್ಟಿಗೆಯ ಮೇಲೆ ‘ಗೇಮಿಂಗ್’ ಎಂದು ಬರೆದಿರಬೇಕಾಗಿಲ್ಲ. ತಾನು ನುಡಿಸುತ್ತಿರುವುದು ತಂಬೂರಿಯ ಶ್ರುತಿಯೋ, ಸಿನಿಮಾದ ಸಂಭಾಷಣೆಯೋ, ಆಟದಲ್ಲಿ ಬೆನ್ನ ಹಿಂದೆ ಬರುತ್ತಿರುವ ಎದುರಾಳಿಯ ಹೆಜ್ಜೆ ಸಪ್ಪಳವೋ ಎಂಬುದು ಹೆಡ್‌ಫೋನಿಗೆ ತಿಳಿಯದು. ಮಂದ್ರದಿಂದ ತಾರದವರೆಗೆ ಯಾವ ಭಾಗವನ್ನೂ ಉಬ್ಬಿಸದೆ, ಯಾವುದನ್ನೂ ನುಂಗದೆ ನುಡಿಸುವಂಥದು ಮೂರು ಕೆಲಸಕ್ಕೂ ಒದಗುತ್ತದೆ. ಗೇಮಿಂಗ್ ಹೆಡ್‌ಸೆಟ್ಟುಗಳಲ್ಲೂ ಒಳ್ಳೆಯವು ಇವೆ, ಇಲ್ಲವೆನ್ನಲಾರೆ. ಆದರೆ ನೀವು ಕೊಡುವ ಹಣದಲ್ಲಿ ಒಂದು ಪಾಲು ಮೈಕಿಗೆ, ಇನ್ನೊಂದು ಪಾಲು ಬಣ್ಣಬಣ್ಣದ ದೀಪಕ್ಕೆ ಹೋದ ಮೇಲೆ ಧ್ವನಿಗೆ ಉಳಿಯುವುದು ಕಡಿಮೆ. ಅದಕ್ಕಿಂತ ಮುಖ್ಯವಾದ ದೋಷವೆಂದರೆ, ಸ್ಫೋಟದ ಸದ್ದು ಎದೆಗೆ ಬಡಿಯಲೆಂದು ಬೇಸ್ ಉಬ್ಬಿಸಿದ ಹೆಡ್‌ಸೆಟ್ಟಿನಲ್ಲಿ, ಆಡುವವನು ನಿಜಕ್ಕೂ ಕೇಳಿಸಿಕೊಳ್ಳಬೇಕಾದ ಹೆಜ್ಜೆ ಸಪ್ಪಳವೇ ಆ ಗದ್ದಲದ ಕೆಳಗೆ ಮುಚ್ಚಿಹೋಗುತ್ತದೆ. ಗೆಳೆಯರೊಡನೆ ಮಾತಾಡುತ್ತ ಆಡಲು ಒಂದು ಕಾಲರ್ ಮೈಕ್ ಬೇರೆಯಾಗಿ ತೆಗೆದುಕೊಟ್ಟರೆ ಮಗನ ಹಟಕ್ಕೂ ಸಮಾಧಾನವಾದೀತು.

ಇನ್ನು ನೀವು ಮೊದಲು ತೀರ್ಮಾನಿಸಬೇಕಾದದ್ದು ಕಂಪನಿಯನ್ನಲ್ಲ, ಹಿಂಬದಿ ತೆರೆದದ್ದು ಬೇಕೋ ಮುಚ್ಚಿದ್ದು ಬೇಕೋ ಎಂಬುದನ್ನು. ಅಂಗಡಿಯವರು ಇವನ್ನು ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್ ಎನ್ನುತ್ತಾರೆ. ಹೆಡ್‌ಫೋನಿನೊಳಗಿನ ತೆಳುಪೊರೆ ಕಂಪಿಸುವಾಗ ಸದ್ದು ಕಿವಿಯ ಕಡೆಗೆ ಹೋಗುವಷ್ಟೇ ಹಿಂದಕ್ಕೂ ಹೋಗುತ್ತದೆ. ಮುಚ್ಚಿದ ಬಟ್ಟಲಿನಲ್ಲಿ ಆ ಹಿಂದಿನ ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಅದನ್ನು ಅಡಗಿಸುವುದೇ ತಯಾರಕರಿಗೆ ದೊಡ್ಡ ಕೆಲಸ. ತೆರೆದ ಬಟ್ಟಲಿನಲ್ಲಿ ಜಾಲರಿಯ ಮೂಲಕ ಅದು ಹೊರಗೆ ಹೋಗಿಬಿಡುವುದರಿಂದ ಧ್ವನಿ ತಲೆಯೊಳಗೆ ಒತ್ತಿಟ್ಟಂತಿರದೆ ಸುತ್ತ ಹರಡಿಕೊಂಡಂತೆ ಕೇಳುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಹಳದಿ ಸ್ಪಂಜಿನ ಮೆತ್ತೆಗಳಿದ್ದ ಎಚ್‌ಡಿ 414 ಎಂಬ ತೆರೆದ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಾಗಿನಿಂದ, ಮನೆಯಲ್ಲಿ ನೆಮ್ಮದಿಯಾಗಿ ಕೂತು ಸಂಗೀತ ಕೇಳುವವರು ಈ ಬಗೆಯನ್ನು ಬಿಟ್ಟುಕೊಟ್ಟಿಲ್ಲ. ಆಟದಲ್ಲಿ ಸದ್ದು ಯಾವ ದಿಕ್ಕಿನಿಂದ ಬಂತೆಂದು ಗುರುತಿಸಲೂ ಈ ಹರಹು ನೆರವಾಗುತ್ತದೆ.

ಆದರೆ ಜಾಲರಿಗೆ ಎರಡು ಕಡೆಯೂ ದಾರಿಯಿದೆ. ನಿಮ್ಮ ಹಾಡು ಪಕ್ಕದಲ್ಲಿ ಮಲಗಿದವರಿಗೆ ಸಣ್ಣಗೆ ಕೇಳುತ್ತದೆ. ಅವರ ಗೊರಕೆ, ಬೀದಿಯ ಬೈಕು, ಅಡುಗೆಮನೆಯ ಮಿಕ್ಸಿ ನಿಮಗೆ ಕೇಳುತ್ತವೆ. ತೀರಾ ಕೆಳಗಿನ ಬೇಸ್ ಕೂಡ ತೆರೆದವುಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ತೆಳು. ನೀವು ಸಿನಿಮಾ ನೋಡುವುದು ಉಳಿದವರು ಮಲಗಿರುವ ಕೋಣೆಯಲ್ಲೇ ಆದರೆ ಮುಚ್ಚಿದ್ದನ್ನೇ ಕೊಳ್ಳಿ. ಬೇರೆ ಕೋಣೆಯಿದ್ದರೆ ನನ್ನ ಮತ ತೆರೆದದ್ದಕ್ಕೆ. ಮುಚ್ಚಿದವುಗಳಲ್ಲಿ ಆಡಿಯೋ-ಟೆಕ್ನಿಕಾದ ಎಂ40ಎಕ್ಸ್, ತೆರೆದವುಗಳಲ್ಲಿ ಸೆನ್‌ಹೈಸರ್‌ನ ಎಚ್‌ಡಿ 560ಎಸ್ ಬಹುಕಾಲದಿಂದ ಹಲವರು ಒಪ್ಪಿಕೊಂಡಿರುವ ಮಾದರಿಗಳು. ಎರಡಕ್ಕೂ ವೈರ್ ಇದೆ, ಎರಡೂ ಸುಮಾರು 240 ಗ್ರಾಂ ತೂಗುತ್ತವೆ, ಎರಡರ ಕೇಬಲ್ಲನ್ನೂ ಕಳಚಿ ಬದಲಾಯಿಸಬಹುದು. ಬೆಲೆ ಏರಿಳಿಯುತ್ತಲೇ ಇರುವುದರಿಂದ ಎರಡನೆಯದಕ್ಕೆ ನಿಮ್ಮ ಮಿತಿಯನ್ನು ಕೊಂಚ ದಾಟಬೇಕಾಗಬಹುದು, ಇಲ್ಲವೇ ರಿಯಾಯಿತಿಯ ದಿನಗಳಿಗೆ ಕಾಯಬೇಕು. ಇವೇ ಆಗಬೇಕೆಂದಿಲ್ಲ. ಹೆಚ್ಚು ಬೆಲೆಯದ್ದೆಲ್ಲ ಹೆಚ್ಚು ಒಳ್ಳೆಯದೆಂಬ ನಂಬಿಕೆಯನ್ನೂ ಬಿಡಬಹುದು: 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 283 ಹೆಡ್‌ಫೋನುಗಳನ್ನು ಅಳೆದು ನೋಡಿದಾಗ, ಅವು ಮಂದ್ರ, ಮಧ್ಯ, ತಾರಗಳನ್ನು ನುಡಿಸುವ ರೀತಿಗೂ ಅವುಗಳ ಬೆಲೆಗೂ ಯಾವ ಸಂಬಂಧವೂ ಕಾಣಲಿಲ್ಲ. ಬೆಲೆ ಏರಿದಂತೆ ಕಟ್ಟುಮಸ್ತುತನ, ಮೆತ್ತೆಯ ಗುಣಮಟ್ಟ, ಬಿಡಿಭಾಗಗಳ ಲಭ್ಯತೆ ಸುಧಾರಿಸಬಹುದು. ಧ್ವನಿಯೂ ಸುಧಾರಿಸಿಯೇ ತೀರುತ್ತದೆಂದು ಹೇಳಲಾಗದು.

ಅಂಗಡಿಯಲ್ಲಿ ಕೇಳಿ ನೋಡುವ ಅವಕಾಶ ಸಿಕ್ಕರೆ ಅವರು ಹಾಕಿಕೊಡುವ ಹಾಡಿಗೆ ತಲೆದೂಗಿ ಬರಬೇಡಿ. ಪ್ರದರ್ಶನದ ಹಾಡುಗಳನ್ನು ಯಾವ ಹೆಡ್‌ಫೋನಿನಲ್ಲೂ ಚೆನ್ನಾಗಿ ಕೇಳುವಂತೆಯೇ ಆರಿಸಿರುತ್ತಾರೆ. ನಿಮಗೆ ಬಾಯಿಪಾಠವಾಗಿರುವ ಒಂದು ಕಛೇರಿಯ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಒಯ್ಯಿರಿ. ಕರ್ನಾಟಕ ಸಂಗೀತದ ಕೇಳುಗರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ತಂಬೂರಿಯ ತಂತಿಯ ಮೇಲೆ ಏಳುವ ಜೀವಾಳದ ಝೇಂಕಾರ ಎಳೆಎಳೆಯಾಗಿ ಕೇಳಿದರೆ ಮೇಲಿನ ಆವರ್ತನಗಳು ಸರಿಯಾಗಿವೆ. ಬರಿಯ ಗುಂಯ್‌ಗುಟ್ಟುವಿಕೆಯಾಗಿ ಕೇಳಿದರೆ ಅವು ಮಂಕಾಗಿವೆ. ಮೃದಂಗದಲ್ಲಿ ರವೆ ಮೆತ್ತಿದ ಎಡಮುಖದ ಗುಮ್ಕಿ ಬಾಗಿ ಏರುವುದು ಬಿಡಿಯಾಗಿ ಕೇಳಬೇಕು, ಆದರೆ ಅದು ಗಾಯಕರ ದನಿಯ ಮೇಲೆ ಬಂದು ಕೂರಬಾರದು. ಸಾಹಿತ್ಯದ ‘ಸ’, ‘ಶ’ಗಳು ಸೂಜಿಯಂತೆ ಚುಚ್ಚಿದರೆ ಆ ಹೆಡ್‌ಫೋನ್ ಅರ್ಧ ಗಂಟೆಯ ಮೇಲೆ ಸುಸ್ತು ಹತ್ತಿಸುತ್ತದೆ. ಯಕ್ಷಗಾನದ ಧ್ವನಿಮುದ್ರಣ ಇದ್ದರೆ ಇನ್ನೂ ಒಳ್ಳೆಯದು. ಚೆಂಡೆಯ ಏಟು ಗರಿಗರಿಯಾಗಿ ಕೇಳಬೇಕೇ ಹೊರತು ಕಿವಿಯನ್ನು ಕೆರೆಯಬಾರದು. ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ಕೇಳಿ, ಏಕೆಂದರೆ ಕನ್ನಡಕದ ಕಡ್ಡಿ ಮೆತ್ತೆಗೂ ತಲೆಗೂ ನಡುವೆ ಸಂದು ಬಿಡಿಸಿದರೆ ಮುಚ್ಚಿದ ಹೆಡ್‌ಫೋನಿನ ಬೇಸ್ ಅಲ್ಲಿಂದಲೇ ಸೋರಿಹೋಗುತ್ತದೆ. ಐದು ನಿಮಿಷ ಹಿತವೆನಿಸಿದ್ದು ಎರಡು ಗಂಟೆಯ ಸಿನಿಮಾಕ್ಕೆ ಹಿತವಾಗಿರುತ್ತದೆಂದು ಹೇಳಲಾಗುವುದಿಲ್ಲವಾದ್ದರಿಂದ, ಮರಳಿಸುವ ಅವಕಾಶವಿರುವಲ್ಲಿ ಕೊಂಡು ಮನೆಯಲ್ಲಿ ಒಂದಿಡೀ ಸಂಜೆ ಹಾಕಿ ನೋಡುವುದು ಕ್ಷೇಮ.

ಪ್ರಶ್ನೆ: ದುಬಾರಿ ಬ್ಲೂಟೂತ್ ಹೆಡ್‌ಫೋನ್ ಕೊಂಡೆ. ಹಾಡು, ಸಿನಿಮಾ ಎರಡೂ ಚೆನ್ನಾಗಿವೆ. ಗೇಮ್ ಆಡುವಾಗ ಮಾತ್ರ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಅಲ್ಲದೆ ಮೈಕ್ ಆನ್ ಮಾಡಿದ ತಕ್ಷಣ ಎಲ್ಲವೂ ಹಳೆಯ ಟೆಲಿಫೋನಿನಂತೆ ಕೇಳುತ್ತದೆ. ಹೆಡ್‌ಫೋನ್ ಕೆಟ್ಟಿದೆಯೇ?
(ಮಂಗಳೂರಿನ ಓದುಗರು)

ಉತ್ತರ: ಕೆಟ್ಟಿಲ್ಲ. ಬ್ಲೂಟೂತ್ ಕೆಲಸ ಮಾಡುವ ರೀತಿಯೇ ಹಾಗೆ. ಕಂಪ್ಯೂಟರು ಧ್ವನಿಯನ್ನು ಸಣ್ಣದಾಗಿ ಅಡಕಗೊಳಿಸಿ, ತುಣುಕು ತುಣುಕಾಗಿ ಗಾಳಿಯಲ್ಲಿ ಕಳಿಸುತ್ತದೆ. ನಡುವೆ ಒಂದು ತುಣುಕು ಕಳೆದುಹೋದರೆ ಮತ್ತೆ ತರಿಸಿಕೊಳ್ಳಲು ಸಮಯವಿರಲೆಂದು ಹೆಡ್‌ಫೋನು ಒಂದಿಷ್ಟನ್ನು ಮೊದಲೇ ಶೇಖರಿಸಿಟ್ಟುಕೊಂಡು, ಆಮೇಲೆ ಬಿಡಿಸಿ ನುಡಿಸುತ್ತದೆ. ಇದಕ್ಕೆಲ್ಲ ಸೇರಿ 200 ಮಿಲಿಸೆಕೆಂಡಿನಷ್ಟು ತಡವಾಗುವುದು ಅಪರೂಪವಲ್ಲ. ಸೆಕೆಂಡಿಗೆ 60 ಚಿತ್ರಗಳು ಓಡುವ ಆಟದಲ್ಲಿ ಅದು 12 ಚಿತ್ರಗಳಷ್ಟು ಹಿಂದೆ ಬಿದ್ದಂತೆ. ಸಿನಿಮಾದಲ್ಲಿ ಈ ತೊಂದರೆ ನಿಮಗೆ ಕಾಣದಿರುವುದಕ್ಕೆ ಕಾರಣ, ಮುಂದೆ ಬರುವ ದೃಶ್ಯ ಯಾವುದೆಂದು ಗೊತ್ತಿರುವ ಪ್ಲೇಯರ್, ಧ್ವನಿ ತಡವಾಗುವಷ್ಟೇ ಚಿತ್ರವನ್ನೂ ತಡೆದು ಎರಡನ್ನೂ ಸರಿಹೊಂದಿಸುತ್ತದೆ. ಆಟದಲ್ಲಿ ನೀವು ಗುಂಡಿ ಒತ್ತುವ ಕ್ಷಣ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಸರಿಹೊಂದಿಸಲು ಏನೂ ಉಳಿದಿರುವುದಿಲ್ಲ.

ಮೈಕಿನ ವಿಷಯ ಬೇರೆ. ಬ್ಲೂಟೂತಿನಲ್ಲಿ ಹಾಡು ಕೇಳುವುದಕ್ಕೊಂದು ವ್ಯವಸ್ಥೆ, ಕರೆಯಲ್ಲಿ ಮಾತಾಡುವುದಕ್ಕೊಂದು ವ್ಯವಸ್ಥೆ ಇವೆ. ಮೈಕ್ ಆನ್ ಆದೊಡನೆ ಹೆಡ್‌ಫೋನು ಎರಡನೆಯದಕ್ಕೆ ಜಿಗಿಯುತ್ತದೆ. ಅಲ್ಲಿ ಎಡ-ಬಲಗಳಿಲ್ಲ, 8,000 ಹರ್ಟ್ಸ್‌ಗಿಂತ ಮೇಲಿನ ಧ್ವನಿಯೂ ಇಲ್ಲ. ಹೊಸದಾಗಿ ಬಂದಿರುವ ಎಲ್‌ಇ ಆಡಿಯೋ ಎಂಬ ವ್ಯವಸ್ಥೆ ಇದನ್ನು ಸುಧಾರಿಸುತ್ತದೆಯಾದರೂ ಕಂಪ್ಯೂಟರು, ಹೆಡ್‌ಫೋನು ಎರಡರಲ್ಲೂ ಅದು ಇದ್ದರೆ ಮಾತ್ರ ಪ್ರಯೋಜನ. ಸದ್ಯಕ್ಕೆ ಸೆಟ್ಟಿಂಗ್ಸ್‌ನಲ್ಲಿ ಧ್ವನಿ ಹೊರಹೋಗಲು ಹೆಡ್‌ಫೋನನ್ನೂ, ಒಳಬರಲು ಲ್ಯಾಪ್‌ಟಾಪಿನ ಸ್ವಂತ ಮೈಕನ್ನೂ ಆರಿಸಿಕೊಳ್ಳಿ. ಟೆಲಿಫೋನ್ ಧ್ವನಿ ಆ ಕ್ಷಣವೇ ಮಾಯವಾಗುತ್ತದೆ. ತಡಕ್ಕೆ ಮದ್ದು, ಪೆಟ್ಟಿಗೆಯೊಳಗೆ ನೀವು ತೆರೆಯದೆ ಬಿಟ್ಟಿರಬಹುದಾದ 3.5 ಮಿಲಿಮೀಟರ್ ಕೇಬಲ್ಲು. ವೈರಿಲ್ಲದೆಯೇ ಆಡಬೇಕೆಂದರೆ ಮುಂದಿನ ಸಲ, ಯುಎಸ್‌ಬಿ ಡಾಂಗಲ್ ಸಮೇತ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ಟನ್ನು ನೋಡಿ. ಬ್ಲೂಟೂತ್ ಓಡುವುದೂ ಅದೇ ತರಂಗಪಟ್ಟಿಯಲ್ಲಿಯೇ. ಆದರೆ ಡಾಂಗಲ್ಲೂ ಹೆಡ್‌ಸೆಟ್ಟೂ ಒಂದಕ್ಕೊಂದು ಜೋಡಿಯಾಗಿಯೇ ತಯಾರಾಗಿರುವುದರಿಂದ ಅಷ್ಟು ದೊಡ್ಡ ಶೇಖರಣೆ ಇಟ್ಟುಕೊಳ್ಳಬೇಕಾಗಿಲ್ಲ, ತಡವೂ ಬಹಳ ಕಡಿಮೆ.

ಪ್ರಶ್ನೆ: ‘ಓಮ್ ಹೆಚ್ಚಿದ್ದಷ್ಟೂ ಗುಣಮಟ್ಟ ಹೆಚ್ಚು’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ 300 ಓಮ್‌ನ ಹೆಡ್‌ಫೋನ್ ಕೊಂಡೆ. ಮೊಬೈಲಿಗೆ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಸಾಲದು. ಮೋಸ ಹೋದೆನೇ?
(ಬೆಂಗಳೂರಿನ ಓದುಗರು)

ಉತ್ತರ: ಹೆಡ್‌ಫೋನ್ ವಿಷಯದಲ್ಲಿ ಮೋಸವಾಗಿರಲಾರದು, ಮಾತಿನಲ್ಲಿ ಆಗಿದೆ. ಓಮ್ ಎಂಬುದು ಗುಣಮಟ್ಟದ ಅಳತೆಯಲ್ಲ. ವಿದ್ಯುತ್ತಿಗೆ ಆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಒಂದೇ ಹೆಡ್‌ಫೋನು 32, 80, 250 ಓಮ್‌ಗಳ ರೂಪಗಳಲ್ಲಿ ಮಾರಾಟಕ್ಕೆ ಬಂದಿದೆಯೆಂದರೆ ಅದು ಮೂರು ದರ್ಜೆಗಳೆಂದಲ್ಲ, ಮೂರು ಬಗೆಯ ಸಾಧನಗಳಿಗೆ ಹೊಂದಲೆಂದು.

ಲೆಕ್ಕ ಸುಲಭವಾಗಿದೆ. ಮೊಬೈಲು ಅಥವಾ ಅದರ ಅಡಾಪ್ಟರು ಒಂದು ವೋಲ್ಟ್ ಕೊಡುತ್ತದೆಂದುಕೊಳ್ಳಿ. 32 ಓಮ್‌ನ ಹೆಡ್‌ಫೋನಿಗೆ ಅದರಿಂದ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. 300 ಓಮ್‌ನದಕ್ಕೆ ಸಿಗುವುದು ಬರಿ 3.3 ಮಿಲಿವ್ಯಾಟ್. ಪೆಟ್ಟಿಗೆಯ ಮೇಲೆ ಎರಡಕ್ಕೂ ‘ಮಿಲಿವ್ಯಾಟಿಗೆ 100 ಡೆಸಿಬಲ್’ ಎಂದೇ ಬರೆದಿದ್ದರೂ ಒಂದೇ ಮೊಬೈಲಿನಲ್ಲಿ ಎರಡರ ನಡುವೆ ಹತ್ತು ಡೆಸಿಬಲ್‌ನಷ್ಟು ಅಂತರ ಬೀಳುತ್ತದೆ, ಕಿವಿಗೆ ಅದು ಹೆಚ್ಚುಕಡಿಮೆ ಅರ್ಧದಷ್ಟು ಸದ್ದಿನಂತೆ ಕೇಳುತ್ತದೆ. ಕೆಲವು ಕಂಪನಿಗಳು ಇದೇ ಸಂವೇದನೆಯನ್ನು (ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಎಂಬ ಅಂಕಿಯನ್ನು) ಮಿಲಿವ್ಯಾಟಿಗೆ ಬದಲು ವೋಲ್ಟಿಗೆ ಲೆಕ್ಕ ಹಾಕಿ ಬರೆಯುವುದರಿಂದ, ಎರಡು ಪೆಟ್ಟಿಗೆಗಳ ಅಂಕಿಗಳನ್ನು ಹೋಲಿಸುವ ಮುನ್ನ ಮಾನ ಒಂದೇ ಆಗಿದೆಯೇ ಎಂದು ನೋಡಬೇಕು. ಇದನ್ನು ನೋಡದೆ ಮೋಸ ಹೋದವರು ಬಹಳ; ಒಂದು ಕಾಲದಲ್ಲಿ ನಾನೂ ಒಬ್ಬ.

ಹೆಡ್‌ಫೋನನ್ನು ಮಾರಬೇಡಿ. ಅದಕ್ಕೆ ಒಂದು ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್, ಅಂದರೆ ಡಿಜಿಟಲ್ ಧ್ವನಿಯನ್ನು ವಿದ್ಯುತ್ ಸಂಕೇತವಾಗಿಸಿ ಬಲಪಡಿಸುವ, ಯುಎಸ್‌ಬಿಗೆ ಸಿಕ್ಕಿಸುವ ಡ್ಯಾಕ್-ಆಂಪ್ ಜೋಡಿಸಿದರೆ ನೀವು ಕೊಟ್ಟ ಹಣ ಸಾರ್ಥಕವಾಗುತ್ತದೆ. ಕೊಳ್ಳುವಾಗ ‘300 ಓಮ್‌ಗೆ ಎಷ್ಟು ವೋಲ್ಟ್ ಅಥವಾ ಎಷ್ಟು ಮಿಲಿವ್ಯಾಟ್ ಕೊಡುತ್ತದೆ’ ಎಂದು ಕೇಳಿ. 32 ಓಮ್‌ನ ಅಂಕಿ ತೋರಿಸಿದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಇನ್ನೂ ಕೊಳ್ಳದ ಓದುಗರಿಗೆ ಒಂದು ಮಾತು: ಮೊಬೈಲು, ಲ್ಯಾಪ್‌ಟಾಪುಗಳಿಗೇ ನೇರವಾಗಿ ಹಾಕುವುದಾದರೆ 80 ಓಮ್‌ನೊಳಗಿನದನ್ನೇ, ಸಂವೇದನೆಯ ಅಂಕಿಯನ್ನೂ ನೋಡಿ ಆರಿಸುವುದು ಒಳಿತು. ಓಮ್ ಕಡಿಮೆಯಿದ್ದ ಮಾತ್ರಕ್ಕೆ ಎಲ್ಲವೂ ಸುಲಭವಾಗಿ ನುಡಿಯುವುದಿಲ್ಲ. ಪ್ಲೇನಾರ್ ಎಂಬ ಬಗೆಯ ಹಲವು ಹೆಡ್‌ಫೋನುಗಳು ಕಡಿಮೆ ಓಮ್‌ನವೇ ಆದರೂ ಹೆಚ್ಚು ವಿದ್ಯುತ್ ಬೇಡುತ್ತವೆ.

ಪ್ರಶ್ನೆ: 7.1 ಸರೌಂಡ್, 50 ಮಿಲಿಮೀಟರ್ ಡ್ರೈವರ್, 40,000 ಹರ್ಟ್ಸ್: ಇವುಗಳಲ್ಲಿ ಯಾವುದನ್ನು ನೋಡಿ ಕೊಳ್ಳಬೇಕು?
(ಧಾರವಾಡದ ಓದುಗರು)

ಉತ್ತರ: ಮೂರನ್ನೂ ನೋಡಬೇಕಾಗಿಲ್ಲ.

ಎಳೆಯ ಕಿವಿಗೂ 20,000 ಹರ್ಟ್ಸ್‌ನ ಆಚೆಗೆ ಕೇಳದು. ವಯಸ್ಸು ಏರಿದಂತೆ ಆ ಮಿತಿ ಇಳಿಯುತ್ತಲೇ ಹೋಗುತ್ತದೆ. ಸಿಡಿಯಲ್ಲಿ ಅಡಗಿರುವುದೂ 22,050 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ. ಎಷ್ಟು ಡೆಸಿಬಲ್ ಏರುಪೇರಿನೊಳಗೆ ಎಂದು ಹೇಳದೆ ಬರೆದ ‘40,000’ಕ್ಕೆ ಅರ್ಥವೇ ಇಲ್ಲ. ಡ್ರೈವರಿನ, ಅಂದರೆ ಕಂಪಿಸಿ ಸದ್ದು ಹೊರಡಿಸುವ ಭಾಗದ ಅಗಲವೂ ಅಷ್ಟೇ: 40 ಮಿಲಿಮೀಟರಿನ ಅತ್ಯುತ್ತಮ ಹೆಡ್‌ಫೋನುಗಳೂ 50 ಮಿಲಿಮೀಟರಿನ ತೀರಾ ಸಾಧಾರಣವಾದವೂ ಇವೆ.

7.1ರ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಕೇಳುಗರ ಸುತ್ತ ಏಳು ಸ್ಪೀಕರು, ಬೇಸ್‌ಗೆಂದೇ ಇನ್ನೊಂದು ಎಂಬುದು ಆ ಅಂಕಿಯ ಅರ್ಥ. ನಮಗಿರುವುದು ಎರಡೇ ಕಿವಿ. ದಿಕ್ಕನ್ನು ಮಿದುಳು ಗುರುತಿಸುವುದು, ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ತಡವಾಗಿ ತಲುಪುವುದರಿಂದ, ಅಲ್ಲಿ ತುಸು ಮೆಲ್ಲಗೆ ಕೇಳುವುದರಿಂದ, ಮತ್ತು ಹೊರಗಿವಿಯ ಮಡಿಕೆಗಳು ಆ ಸದ್ದನ್ನು ತಿದ್ದುವ ರೀತಿಯಿಂದ. ಈ ಮೂರನ್ನೂ ಲೆಕ್ಕ ಹಾಕಿ ಧ್ವನಿಯನ್ನು ಮೊದಲೇ ತಿದ್ದಿ ಕಳಿಸಿದರೆ ಎರಡು ಡ್ರೈವರಿನ ಸಾಮಾನ್ಯ ಹೆಡ್‌ಫೋನಿನಲ್ಲೇ ಹಿಂದು-ಮುಂದುಗಳನ್ನು ಕೇಳಿಸಬಹುದು. ವಿಂಡೋಸ್‌ನಲ್ಲಿ ‘ವಿಂಡೋಸ್ ಸೋನಿಕ್’ ಉಚಿತವಾಗಿಯೇ ಇದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ‘ಟೆಂಪೆಸ್ಟ್’ ವ್ಯವಸ್ಥೆ ಯಾವ ಹೆಡ್‌ಫೋನಿನ ಜೊತೆಗೂ ಕೆಲಸ ಮಾಡುತ್ತದೆ. ವ್ಯಾಲೊರೆಂಟ್‌ನಂಥ ಆಟಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ. ಆಟವೂ ಮಾಡಿ ಹೆಡ್‌ಸೆಟ್ಟೂ ಮಾಡಿದರೆ ತಿದ್ದಿದ್ದನ್ನೇ ಮತ್ತೆ ತಿದ್ದಿದಂತಾಗಿ ದಿಕ್ಕು ಕಲಸಿಹೋಗುತ್ತದೆ, ಆದ್ದರಿಂದ ಒಂದನ್ನು ಆಫ್ ಮಾಡಿಡಿ. ಹಾಡು ಕೇಳುವಾಗ ಎರಡನ್ನೂ ಆಫ್ ಮಾಡಿ.

ಪ್ರಶ್ನೆ: ಹೆಡ್‌ಫೋನಿನಲ್ಲಿ ಸಿನಿಮಾ ನೋಡುವಾಗ ಮಾತು ಕೇಳಿಸುವುದಿಲ್ಲ ಎಂದು ವಾಲ್ಯೂಮ್ ಏರಿಸಿದರೆ ಹೊಡೆದಾಟ ಬಂದಾಗ ಕಿವಿ ಒಡೆಯುತ್ತದೆ. ಬೇರೆ ಹೆಡ್‌ಫೋನ್ ಬೇಕೇ?
(ಮೈಸೂರಿನ ಓದುಗರು)

ಉತ್ತರ: ಬೇಡ. ಚಿತ್ರಮಂದಿರಕ್ಕೆಂದು ಸಿದ್ಧಪಡಿಸಿದ 5.1 ಧ್ವನಿಯಲ್ಲಿ ಸಂಭಾಷಣೆಗೆಂದೇ ನಡುವೆ ಒಂದು ಸ್ಪೀಕರ್ ಇರುತ್ತದೆ. ಅದನ್ನು ಎಡ-ಬಲ ಎರಡಕ್ಕೆ ಇಳಿಸುವಾಗ ಮಾತು ಹಿನ್ನೆಲೆ ಸಂಗೀತದ ಜೊತೆ ಜಾಗ ಹಂಚಿಕೊಳ್ಳಬೇಕಾಗುತ್ತದೆ. ಸಿನಿಮಾ ಆ್ಯಪಿನ ಆಡಿಯೋ ಆಯ್ಕೆಗಳಲ್ಲಿ 5.1 ಬಿಟ್ಟು ಸ್ಟೀರಿಯೋ ಆರಿಸಿ ನೋಡಿ. ವಿಂಡೋಸ್‌ನಲ್ಲಿ ‘ಲೌಡ್‌ನೆಸ್ ಈಕ್ವಲೈಸೇಷನ್’ ಇದ್ದರೆ ರಾತ್ರಿಯ ಹೊತ್ತು ಅದನ್ನು ಆನ್ ಮಾಡಿ, ಸಂಗೀತಕ್ಕೆ ಕೂರುವಾಗ ಮರೆಯದೆ ತೆಗೆಯಿರಿ. 5.1 ಧ್ವನಿಯನ್ನು ಎರಡಕ್ಕೆ ಇಳಿಸುವಾಗ ಗುಡುಗುಡು ಸದ್ದಿನ ‘.1’ ಭಾಗವನ್ನು ಬಹಳ ಸಲ ಕೈಬಿಡುತ್ತಾರೆ. ‘ಸಿನಿಮಾದಲ್ಲಿ ಬೇಸ್ ಇಲ್ಲ’ ಎಂದು ಹೆಡ್‌ಫೋನನ್ನು ದೂರುವವರು ಇದನ್ನೂ ಗಮನಿಸಬೇಕು.

ಪ್ರಶ್ನೆ: ಹದಿನೈದು ವರ್ಷದ ಮಗಳು ದಿನಕ್ಕೆ ಮೂರು-ನಾಲ್ಕು ಗಂಟೆ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಾಳೆ. ಒಳ್ಳೆಯ ಹೆಡ್‌ಫೋನ್ ಕೊಡಿಸಿದರೆ ಕಿವಿಗೆ ತೊಂದರೆಯಾಗದೆಂದು ನೆರೆಮನೆಯವರು ಹೇಳುತ್ತಾರೆ. ನಿಜವೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಅರ್ಧ ನಿಜ. ಕಿವಿಗೆ ಪೆಟ್ಟು ಬೀಳುವುದು ಹೆಡ್‌ಫೋನಿನ ಬೆಲೆಯಿಂದಲ್ಲ, ಸದ್ದಿನ ಮಟ್ಟ ಮತ್ತು ಹೊತ್ತುಗಳಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್ ಮಿತಿ. ದೊಡ್ಡವರಿಗೂ 90 ಡೆಸಿಬಲ್‌ಗೆ ಏರಿದರೆ ವಾರಕ್ಕೆ ನಾಲ್ಕೇ ಗಂಟೆ. ನಿಮ್ಮ ಮಗಳು ದಿನಕ್ಕೆ ನಾಲ್ಕು ಗಂಟೆಯಂತೆ ವಾರಕ್ಕೆ 28 ಗಂಟೆ ಕೇಳುತ್ತಾಳೆಂದರೆ ಹೊತ್ತಿಗಿಂತ ಮಟ್ಟವನ್ನೇ ಮುಖ್ಯವಾಗಿ ನೋಡಿಕೊಳ್ಳಬೇಕು.

ನೆರೆಮನೆಯವರ ಮಾತಿನಲ್ಲಿ ಹುರುಳಿರುವುದು ಎಲ್ಲಿಯೆಂದರೆ, ಬಸ್ಸಿನಲ್ಲೋ ಟಿವಿ ಓಡುತ್ತಿರುವ ಹಜಾರದಲ್ಲೋ ಸದ್ದನ್ನು ತಡೆಯದ ಹೆಡ್‌ಫೋನ್ ಹಾಕಿಕೊಂಡವರು ಹೊರಗಿನ ಗದ್ದಲವನ್ನು ಮೀರಿಸಲು ತಿಳಿಯದೆಯೇ ವಾಲ್ಯೂಮ್ ಏರಿಸುತ್ತಾರೆ. ಚೆನ್ನಾಗಿ ಕೂರುವ ಮುಚ್ಚಿದ ಹೆಡ್‌ಫೋನ್ ಅಥವಾ ಗದ್ದಲ ಅಡಗಿಸುವ ಎಎನ್‌ಸಿ ಇದ್ದರೆ ಏರಿಸುವ ಅಗತ್ಯ ಬೀಳದು. ಎಎನ್‌ಸಿ ಚೆನ್ನಾಗಿ ಅಡಗಿಸುವುದು ಎಂಜಿನ್ನು, ಫ್ಯಾನುಗಳಂಥ ಏಕತಾನದ ತಗ್ಗಿನ ಸದ್ದನ್ನು. ಮಾತುಕತೆಯನ್ನು ಅಷ್ಟಾಗಿ ಅಲ್ಲ. ಬಹಳಷ್ಟು ಮೊಬೈಲುಗಳಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯವಿದೆ, ಅವಳ ಜೊತೆ ಕೂತು ಅದನ್ನು ಹಾಕಿ. ಕದ್ದು ಹಾಕಿದರೆ ಮರುದಿನವೇ ತೆಗೆದಿರುತ್ತಾಳೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಡುತ್ತದೆ ಅಥವಾ ಮಾತು ಮಂಕಾಗಿ ಕೇಳುತ್ತದೆ ಎಂದರೆ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಎರಡೇ ವರ್ಷದಲ್ಲಿ ಹೆಡ್‌ಫೋನಿನ ಮೆತ್ತೆಯ ಕಪ್ಪು ಸಿಪ್ಪೆ ಸುಲಿದು ಕಿವಿಗೆಲ್ಲ ಅಂಟುತ್ತಿದೆ. ಎಸೆಯಬೇಕೇ?
(ಉಡುಪಿಯ ಓದುಗರು)

ಉತ್ತರ: ಕರಾವಳಿಯ ಸೆಕೆ, ಬೆವರುಗಳಿಗೆ ಕೃತಕ ಚರ್ಮ ಬೇಗ ಸೋಲುತ್ತದೆ. ಒಳಗಿನ ಡ್ರೈವರಿಗೆ ಏನೂ ಆಗಿರುವುದಿಲ್ಲವಾದ್ದರಿಂದ ಮೆತ್ತೆಯನ್ನಷ್ಟೇ ಬದಲಾಯಿಸಿ. ಹೆಸರಾಂತ ಮಾದರಿಗಳ ಇಯರ್ ಪ್ಯಾಡುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಕಂಪನಿಯದೇ ಸಿಕ್ಕರೆ ಅದನ್ನೇ ಹಾಕಿ, ಏಕೆಂದರೆ ಮೆತ್ತೆಯ ದಪ್ಪ, ಬಟ್ಟೆಗಳು ಬದಲಾದರೆ ಧ್ವನಿಯೂ ಬದಲಾಗುತ್ತದೆ. ಮಖಮಲ್ಲಿನಂಥ ಬಟ್ಟೆಯ ಮೆತ್ತೆ ನಿಮ್ಮೂರಿನ ಹವೆಗೆ ಹಿತ, ಸುಲಿಯುವುದೂ ಇಲ್ಲ. ಮುಚ್ಚಿದ ಹೆಡ್‌ಫೋನಿನಲ್ಲಿ ಚರ್ಮದ ಬದಲು ಅದನ್ನು ಹಾಕಿದರೆ ಮಾತ್ರ ಬೇಸ್ ತುಸು ಇಳಿಯುತ್ತದೆ. ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವಲ್ಲಿ ತೂಗುಹಾಕಿ. ಬೆವರಿನ ಸಮೇತ ಪೌಚಿನೊಳಗೆ ತುರುಕಿಡಬೇಡಿ.